ಹಲಗೆಯ ಕೆಳಗಿನ ತೂತು

ಕಟ್ಟಡ ಮೇಲೇಳುವಾಗ ಅದರ ಜೊತೆಗೆ ತೂತುಗಳೂ ಮೇಲೇಳುತ್ತವೆ. ಲಿಫ್ಟಿಗೊಂದು, ನೀರಿನ ಪೈಪುಗಳಿಗೊಂದು, ವೈರುಗಳಿಗೊಂದು ಅಂತ ಪ್ರತಿ ಸ್ಲ್ಯಾಬಿನಲ್ಲೂ ಜಾಗ ಬಿಟ್ಟಿರುತ್ತಾರೆ. ಮುಂದೆ ಅಲ್ಲಿ ಸಂಸಾರ ಹೂಡುವವರಿಗೆ ಅವು ಕಾಣುವುದಿಲ್ಲ, ಅಷ್ಟರಲ್ಲಿ ಎಲ್ಲ ಮುಚ್ಚಿರುತ್ತದೆ. ಪುಣೆಯ ಹೊರವಲಯದ ಸೈಟುಗಳಲ್ಲಿ ಹನ್ನೊಂದು ವರ್ಷದಿಂದ ನಾನು ಸೇಫ್ಟಿ ಆಫೀಸರ್. ದಿನಾ ಬೆಳಿಗ್ಗೆ ಈ ತೂತುಗಳನ್ನು ಎಣಿಸುವುದೇ ನನ್ನ ಮೊದಲ ಕೆಲಸ.

ಇಲ್ಲಿ ಸೆಂಟ್ರಿಂಗ್ ಮತ್ತು ಗಾರೆ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರು ಬಹಳ. ಅವರ ಮಾತು ಕಿವಿಗೆ ಬಿದ್ದರೆ ಧಾರವಾಡದವನಾದ ನನಗೆ ಊರು ಎರಡು ಮೈಲಿ ಹತ್ತಿರ ಬಂದಂತಾಗುತ್ತದೆ. ಆದರೆ ಬೆಳಗಿನ ಸುರಕ್ಷತೆಯ ಪಾಠ ಹಿಂದಿಯಲ್ಲಿ ನಡೆಯುತ್ತಿತ್ತು, ಫಲಕಗಳು ಮರಾಠಿ ಮತ್ತು ಇಂಗ್ಲಿಷಿನಲ್ಲಿದ್ದವು. ಎಲ್ಲರೂ ತಲೆಯಾಡಿಸುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಸೈಟಿನಲ್ಲಿ ಯಾದಗಿರಿ ಕಡೆಯ ಹುಡುಗನೊಬ್ಬನಿಗೆ, ಮಹಡಿಯ ಮೇಲೆ ಬಿದ್ದಿರುವ ಪ್ಲೈವುಡ್ಡನ್ನೆಲ್ಲ ಒಂದೆಡೆ ಒಟ್ಟಲು ಮುಕಾದಮ್ ಹೇಳಿದ. ಹುಡುಗ ಒಂದೊಂದೇ ಹಲಗೆ ಎತ್ತುತ್ತ ಬಂದ. ಅವುಗಳಲ್ಲಿ ಒಂದು ಪೈಪಿನ ತೂತಿಗೆ ಮುಚ್ಚಿದ್ದು. ಎರಡೂ ಕೈಯಲ್ಲಿ ಎದೆಗೆ ಅಡ್ಡವಾಗಿ ಹಿಡಿದಿದ್ದರಿಂದ ಅವನಿಗೆ ತನ್ನ ಕಾಲೇ ಕಾಣುತ್ತಿರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ. ಕೆಳಗಿನ ಸ್ಲ್ಯಾಬ್ ಮೂರು ಮೀಟರ್ ಆಳದಲ್ಲಿತ್ತು. ಅಷ್ಟು ಬೀಳಲು ಒಂದು ಸೆಕೆಂಡೂ ಬೇಡ, ನೆಲ ಮುಟ್ಟುವಾಗಿನ ವೇಗ ಗಂಟೆಗೆ 27 ಕಿಲೋಮೀಟರ್ ದಾಟಿರುತ್ತದೆ. ಹಿಮ್ಮಡಿಯ ಎಲುಬು ಮುರಿಯಿತು, ಬೆನ್ನೆಲುಬಿಗೂ ಪೆಟ್ಟಾಯಿತು. ಜೀವ ಉಳಿಯಿತು.

ಮರುದಿನ ಗುತ್ತಿಗೆದಾರರ ವರದಿ ನನ್ನ ಸಹಿಗೆ ಬಂತು. 'ಸುರಕ್ಷತೆಗಾಗಿ ಇಟ್ಟಿದ್ದ ಹಲಗೆಯನ್ನು ಕಾರ್ಮಿಕನು ತಾನೇ ತೆಗೆದು, ಅಜಾಗರೂಕತೆಯಿಂದ ಬಿದ್ದಿದ್ದಾನೆ' ಎಂದಿತ್ತು. ಹಲಗೆ ತೆಗೆದವನು ಅವನೇ, ನಿಜ. ಆದರೆ ಆ ಸಾಲಿಗೆ ಬೇರೊಂದು ಕೆಲಸವಿತ್ತು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಬರೀ ಅಜಾಗರೂಕತೆಯಿಂದ ಪರಿಹಾರ ತಪ್ಪುವುದಿಲ್ಲ. ಆದರೆ ಸುರಕ್ಷತೆಗಾಗಿ ಇಟ್ಟದ್ದೆಂದು ಗೊತ್ತಿದ್ದೂ ಬೇಕೆಂದೇ ತೆಗೆದ ಅಂತಾದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯದ ಹೊರತು, ಮಾಲೀಕ ಕೈ ತೊಳೆದುಕೊಳ್ಳಬಹುದು. ಹಾಗಾಗಿ ಇಡೀ ಪ್ರಕರಣ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಅವನಿಗೆ ಗೊತ್ತಿತ್ತೇ?

ಆಸ್ಪತ್ರೆಗೆ ಹೋಗಿ ಕೇಳಿದೆ. "ಎಲ್ಲಾ ಹಲಗಿ ಒಂದೇ ನಮೂನಿ ಇದ್ವಲ್ರಿ ಸರ್. ಎತ್ತು ಅಂದ್ರು, ಎತ್ತಿದೆ" ಅಂದ.

ನಾನು ಸಹಿ ಹಾಕಲಿಲ್ಲ. ಹಲಗೆಗೆ ಮೊಳೆ ಹೊಡೆದಿರಲಿಲ್ಲ, ಅದರ ಮೇಲೆ ಯಾವ ಗುರುತೂ ಇರಲಿಲ್ಲ, ಎಲ್ಲವನ್ನೂ ಎತ್ತಲು ಮೇಲಿನವರೇ ಹೇಳಿದ್ದರು ಅಂತ ಬೇರೆ ವರದಿ ಬರೆದೆ. ನಾಲ್ಕು ದಿನ ಯಾರೂ ನನ್ನ ಜೊತೆ ಚಹಾ ಕುಡಿಯಲಿಲ್ಲ. ಕೊನೆಗೆ ಆ ಸಾಲು ಹೋಯಿತು, ಹುಡುಗನಿಗೆ ಪರಿಹಾರ ಬಂತು. ಅವನು ಮತ್ತೆ ಪರಾಂಚಿ ಹತ್ತಲಿಲ್ಲ.

ಬಿದ್ದವನನ್ನು ನೋಡಿ ಕಾರಣ ಹುಡುಕಿದರೆ ಯಾವಾಗಲೂ ಅವನ ತಪ್ಪೇ ಸಿಗುತ್ತದೆ. ಅವನು ಬೀಳುವ ಮೊದಲೇ ಜಾಗವನ್ನು ನೋಡಬೇಕು. ತೂತೇ ಇಲ್ಲದಂತೆ ಮಾಡಲು ಆಗುತ್ತದೆಯೇ? ಸಣ್ಣ ತೂತುಗಳಿಗೆ ಕಾಂಕ್ರೀಟ್ ಹಾಕುವಾಗಲೇ ಕಬ್ಬಿಣದ ಸರಳುಗಳನ್ನು ಅಡ್ಡಡ್ಡ ಬಿಟ್ಟು, ಪೈಪು ಬಂದ ದಿನ ಕತ್ತರಿಸಬಹುದು. ಆಗದಿದ್ದರೆ ತೂತಿಗಿಂತ ದೊಡ್ಡದಾದ ಗಟ್ಟಿ ಮುಚ್ಚಳ ಬೇಕು, ಅದು ಜರುಗಬಾರದು. ಸ್ಲ್ಯಾಬಿನ ಅಂಚಿಗೆ ಸೊಂಟದೆತ್ತರಕ್ಕೊಂದು, ನಡುವಿಗೊಂದು ಕಟಾಂಜನ ಬೇಕು, ಸಾಮಾನು ಉರುಳದಂತೆ ಬುಡಕ್ಕೊಂದು ಪಟ್ಟಿಯೂ ಬೇಕು. ಆಮೇಲೆ ಬಲೆ. ಬೆಲ್ಟು ಎಲ್ಲಕ್ಕಿಂತ ಕೊನೆಗೆ.

ಸೈಟುಗಳಲ್ಲಿ ಬೆಲ್ಟೇ ಮೊದಲು ಬರುತ್ತದೆ, ಯಾಕೆಂದರೆ ಅದು ಅಗ್ಗ. ಬಿದ್ದರೆ 'ಬೆಲ್ಟ್ ಹಾಕಿರಲಿಲ್ಲ' ಅಂತ ಬರೆಯಲೂ ಸುಲಭ. ಆದರೆ ಹಗ್ಗದ ಉದ್ದ, ಎಳೆತ ತಡೆಯಲು ಬಿಚ್ಚಿಕೊಳ್ಳುವ ಪಟ್ಟಿಯ ಉದ್ದ, ಮನುಷ್ಯನ ಎತ್ತರ ಎಲ್ಲ ಕೂಡಿಸಿ ನೋಡಿ. ಕೊಕ್ಕೆಯನ್ನು ಕಾಲ ಬುಡದಲ್ಲಿ ಸಿಕ್ಕಿಸಿದರೆ ಕೆಳಗೆ ಸುಮಾರು ಆರು ಮೀಟರ್ ಖಾಲಿ ಇರಬೇಕು. ಒಂದು ಮಹಡಿಯ ಎತ್ತರದಲ್ಲಿ ಬೆಲ್ಟು ಬಿಗಿಯುವ ಮೊದಲೇ ನೆಲ ಬಂದಿರುತ್ತದೆ. ಮೇಲೆ ನೇತಾಡಿ ಉಳಿದವನನ್ನೂ ಕೆಲವೇ ನಿಮಿಷಗಳಲ್ಲಿ ಇಳಿಸಬೇಕು, ಇಲ್ಲದಿದ್ದರೆ ಕಾಲಲ್ಲಿ ರಕ್ತ ನಿಂತು ಪ್ರಾಣಕ್ಕೆ ಬರುತ್ತದೆ.

ಈಗ ನನ್ನ ಸೈಟಿನಲ್ಲಿ ಪ್ರತಿ ಮುಚ್ಚಳಕ್ಕೂ ಮೊಳೆ ಇದೆ, ಕೆಂಪು ಬಣ್ಣ ಇದೆ. 'ಕೆಳಗೆ ತೂತು' ಅಂತ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆಸಿದ್ದೇನೆ. ಓದು ಬಾರದವರಿಗಾಗಿ ದೊಡ್ಡ ಕತ್ತರಿ ಗುರುತು. ಬೆಳಗಿನ ಪಾಠದ ಅರ್ಧ ಕನ್ನಡದಲ್ಲಿ. ಈಗ ಸುಮ್ಮನೆ ತಲೆಯಾಡಿಸುವವರು ಕಡಿಮೆ, ಪ್ರಶ್ನೆ ಕೇಳುವವರು ಹೆಚ್ಚು.

ಹೋದ ವಾರ ಮರಳು ಹೊರುವ ಹೆಂಗಸೊಬ್ಬಳು ಕೂಗಿದಳು: "ಸರ್, ಈ ಹಲಗಿ ಅಲುಗಾಡ್ಲಾಕತ್ತದ ನೋಡ್ರಿ." ಬುಟ್ಟಿ ಇಳಿಸಿ, ಬಡಿಗ ಬಂದು ಮೊಳೆ ಹೊಡೆಯುವ ತನಕ ಪಕ್ಕದಲ್ಲೇ ನಿಂತು, ಬರುವವರನ್ನೆಲ್ಲ ಆಚೆ ಕಳಿಸುತ್ತಿದ್ದಳು. ಕೆಲಸ ಬಿಟ್ಟು ನಿಂತಿದ್ದಾಳೆ ಅಂತ ಮುಕಾದಮ್ ಗೊಣಗಿದ. ಅದೂ ಕೆಲಸವೇ, ಹಾಜರಿಯಲ್ಲಿ ಹಿಡಿ ಅಂದೆ.