ಮೂಡು ಬದಿಯ ಕೋಣೆ

ಬೇಸಿಗೆ ರಜೆಯಲ್ಲಿ ಕುಂದಾಪುರದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಚಾಪೆ ಹಾಸುತ್ತಿದ್ದರು. ಮಕ್ಕಳೇ ಹತ್ತು ಹನ್ನೆರಡು. ಯಾರ ಪಕ್ಕ ಯಾರು ಎಂಬುದು ಅಜ್ಜಿಯ ತೀರ್ಮಾನ. ನಿದ್ದೆಯಲ್ಲಿ ಒದೆಯುವವನಿಗೆ ಕಂಬದ ಬದಿ, ಕತ್ತಲೆಗೆ ಹೆದರುವವಳಿಗೆ ದೀಪದ ಗೂಡಿನ ಕೆಳಗೆ, ರಾತ್ರಿ ಎದ್ದು ಹೊರಗೆ ಹೋಗಬೇಕಾದ ಸಣ್ಣವರಿಗೆ ಬಾಗಿಲ ಹತ್ತಿರ, ಅವರ ಆಚೆ ಅಜ್ಜಿ. ಒಂದು ಮಾತೂ ಆಡದೆ, ದಿಂಬುಗಳನ್ನು ಎಸೆಯುತ್ತಲೇ ಅವರು ಈ ಸಾಲು ಕೂಡಿಸಿಬಿಡುತ್ತಿದ್ದರು. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು, ಯಾವ ಕೋಣೆಯಲ್ಲಿ ಯಾರು ಎಂದು ಬರೆಯಲು ಕೂತ ರಾತ್ರಿ ನನಗೆ ನೆನಪಾದದ್ದು ಆ ಸಾಲು.

ಹೊರಟವರು ಎಂಟು ಜನ. ನಾನು, ನಮ್ಮವರು, ಹನ್ನೊಂದರ ಮಗಳು, ಐದರ ಮಗ, ಎಪ್ಪತ್ತೆರಡರ ಅಮ್ಮ. ಜೊತೆಗೆ ತಮ್ಮ, ಅವನ ಹೆಂಡತಿ, ಹತ್ತು ತಿಂಗಳ ಅವರ ಮಗು. ತಮ್ಮ ಮೊದಲು ಹೇಳಿದ್ದು ಏಳು ಜನ ಎಂದೇ. "ಪಾಪು ನಮ್ಮ ಜೊತೆ ಮಲಗ್ತಾಳೆ ಅಕ್ಕ, ಅವಳನ್ನ ಯಾಕೆ ಎಣಿಸ್ತೀಯ?" ಅಂದ. ರೈಲಿನಲ್ಲಿ ಅದು ನಡೆಯುತ್ತದೆ. ಹಡಗಿನಲ್ಲಿ ನಡೆಯುವುದಿಲ್ಲ. ಅಲ್ಲಿ ಹಸುಳೆಯೂ ಒಂದು ಪೂರ್ಣ ತಲೆ. ನಾಲ್ವರ ಕೋಣೆ ಎಂದರೆ ನಾಲ್ವರದೇ, ಐದನೆಯದು ಕಂಕುಳಲ್ಲಿರುವ ಕೂಸಾದರೂ ಸೇರಿಸುವುದಿಲ್ಲ. ಏಕೆಂದರೆ ಕೋಣೆಯ ಲೆಕ್ಕ ಮಂಚಗಳ ಲೆಕ್ಕ ಮಾತ್ರವಲ್ಲ, ರಕ್ಷಣಾ ದೋಣಿಯಲ್ಲಿ ಇರುವ ಜಾಗದ ಲೆಕ್ಕವೂ ಹೌದು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರ ದೋಣಿಗಳಲ್ಲಿ ಜಾಗವಿದ್ದದ್ದು ಹತ್ತಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮಾತ್ರ. ಅದರ ಬೆನ್ನಿಗೇ 1914ರಲ್ಲಿ ದೇಶಗಳು ಸೇರಿ ಸೋಲಾಸ್ ಎಂಬ ಒಪ್ಪಂದ ಮಾಡಿಕೊಂಡವು, ಈಗ ಜಾರಿಯಲ್ಲಿರುವುದು ಅದರ 1974ರ ರೂಪ. ಇಪ್ಪತ್ತನಾಲ್ಕು ಗಂಟೆ ಮೀರಿದ ಯಾನದಲ್ಲಿ ಹತ್ತಿದ ಪ್ರತಿ ಹಸುಳೆಗೂ ಅದರ ಅಳತೆಯದೇ ಒಂದು ಜೀವರಕ್ಷಕ ಜಾಕೆಟ್ ಇರಲೇಬೇಕು ಎನ್ನುವುದೂ ಅದರಲ್ಲಿದೆ. ಆರು ತಿಂಗಳು ತುಂಬದ ಮಗುವನ್ನು ಹೆಚ್ಚಿನ ಹಡಗು ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ಇದನ್ನೆಲ್ಲ ಓದಿದ ಮೇಲೆ ಮಗುವಿನ ಹೆಸರನ್ನು ಎಂಟನೆಯ ಸಾಲಿನಲ್ಲಿ ಬರೆದೆ. ಅವಳ ಪುಟ್ಟ ಹೆಸರಿಗಾಗಿ ಒಂದು ದೋಣಿಯಲ್ಲಿ ಜಾಗ ಕಾದಿರುತ್ತದೆ ಎನ್ನುವುದು ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ.

ಎಂಟಕ್ಕೆ ನಾಲ್ವರ ಎರಡು ಕೋಣೆ ಸಾಕು. ದುಡ್ಡಿನಲ್ಲೂ ಅದೇ ಅಗ್ಗ. ಸಾಮಾನ್ಯವಾಗಿ ಕೋಣೆಯ ಮೊದಲ ಇಬ್ಬರಿಗೆ ಪೂರ್ತಿ ದರ, ಮೂರನೆಯ ನಾಲ್ಕನೆಯವರಿಗೆ ಕಡಿಮೆ. ಆದರೂ ನಾನು ಮೂರು ಕೋಣೆಗೆ ಹಟ ಹಿಡಿದೆ. ಕಾರಣ ಬಚ್ಚಲು. ನಾಲ್ಕು ಜನಕ್ಕೆ ಒಂದೇ ಬಚ್ಚಲು, ಅದರೊಳಗೇ ಕಕ್ಕಸು, ಎಂಟು ಗಂಟೆಗೆ ತಿಂಡಿ, ಮಂಡಿನೋವಿನ ಅಮ್ಮನಿಗೆ ಬೇಕಾಗುವ ಇಪ್ಪತ್ತು ನಿಮಿಷ, ತಡೆದುಕೊಳ್ಳಲಾರದ ಐದು ವರ್ಷದವನು. ಸಮುದ್ರ ಕಾಣುವ ಬಾಲ್ಕನಿಗೆ ಕೊಡುವ ಹಣದಲ್ಲಿ ಒಳಗಿನ ಇನ್ನೊಂದು ಕೋಣೆ, ಅದರ ಜೊತೆ ಇನ್ನೊಂದು ಬಚ್ಚಲು ಬರುವುದಾದರೆ ಮಕ್ಕಳಿರುವ ಮನೆಯವರು ಬಚ್ಚಲನ್ನೇ ಆರಿಸಿಕೊಳ್ಳಬೇಕು ಎಂದು ನಾನು ಯಾರು ಕೇಳಿದರೂ ಹೇಳುತ್ತೇನೆ. ಕಡಲು ಎಲ್ಲ ಅಂತಸ್ತಿನಿಂದಲೂ ಪುಕ್ಕಟೆಯಾಗಿ ಕಾಣುತ್ತದೆ.

ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲೇ ಬೇರೆ, ಕಕ್ಕಸೇ ಬೇರೆ. ಆ ವಿವೇಕವನ್ನು ಹಡಗಿನೊಳಗೆ ತಂದವರೂ ಇದ್ದಾರೆ. 1998ರಲ್ಲಿ ಮೊದಲ ಯಾನ ಹೊರಟ ಡಿಸ್ನಿ ಮ್ಯಾಜಿಕ್ ಹಡಗಿನ ಬಹಳಷ್ಟು ಕೋಣೆಗಳಲ್ಲಿ ಸ್ನಾನಕ್ಕೊಂದು ಬಾಗಿಲು, ಕಕ್ಕಸಿಗೊಂದು ಬಾಗಿಲು, ಎರಡರಲ್ಲೂ ಕೈತೊಳೆಯುವ ಬೋಗುಣಿ. ಆ ಸಣ್ಣ ಗೋಡೆಯನ್ನು ಎಬ್ಬಿಸಿದವರಿಗೆ ಮಕ್ಕಳಿದ್ದಿರಬೇಕು. 2024ರ ಐಕಾನ್ ಆಫ್ ದ ಸೀಸ್‌ನಲ್ಲಿ ಮೂರು ಅಂತಸ್ತಿನ ಒಂದು ಮನೆಯೇ ಇದೆ, ಮಕ್ಕಳು ಮಹಡಿಯಿಂದ ಜಾರುಬಂಡೆಯಲ್ಲಿ ಇಳಿಯಬಹುದು. ಅದರ ಚಿತ್ರವನ್ನು ಮಗ ಬಹಳ ಹೊತ್ತು ನೋಡಿದ. ನನಗೆ ಮಾತ್ರ ಡಿಸ್ನಿಯ ಆ ನಡುಗೋಡೆಯೇ ಹೆಚ್ಚು ಹಿಡಿಸಿತು.

ನಾವು ಹತ್ತಿದ ಎಂಪ್ರೆಸ್ ಹಳೆಯ ಹಡಗು. ಫ್ರಾನ್ಸಿನ ಸೇಂಟ್ ನಜೇರ್ ಊರಿನಲ್ಲಿ ಕಟ್ಟಿ 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಹೊರಟು, ಅಟ್ಲಾಂಟಿಕ್‌ನ ಆಚೆ ಓಡಾಡಿ, 2021ರಲ್ಲಿ ನಮ್ಮ ಕಡಲಿಗೆ ಬಂದದ್ದು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕಡಿಮೆ, ಕೋಣೆಗಳು ಕಿರಿದು. ರೈಲಿನ ಮೊದಲ ದರ್ಜೆಯ ಕೂಪೆಯನ್ನು ಸ್ವಲ್ಪ ಎಳೆದು ಉದ್ದ ಮಾಡಿ ಬಚ್ಚಲು ಸೇರಿಸಿದ ಹಾಗೆ. ಕೆಳಗೆ ಎರಡು ಮಂಚ, ಒಂದೊಂದು ಗೋಡೆಗೆ ಒಂದೊಂದು. ಮೇಲಿನ ಮಂಚಗಳು ಹಗಲಲ್ಲಿ ಗೋಡೆಯೊಳಗೆ ಮಡಿಚಿಕೊಂಡಿರುತ್ತವೆ. ರಾತ್ರಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೋಣೆ ನೋಡಿಕೊಳ್ಳುವವರು ಅವನ್ನು ಇಳಿಸಿ, ಏಣಿ ಸಿಕ್ಕಿಸಿ, ಬಿಳಿ ಹಾಸು ಹಾಸಿಟ್ಟಿರುತ್ತಾರೆ.

ಆ ಮೇಲಿನ ಮಂಚ ಎಲ್ಲ ಮಕ್ಕಳ ಕನಸು. ಮುಂಬಯಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೇ ಅಕ್ಕ ತಮ್ಮನ ನಡುವೆ ಅಪ್ಪರ್ ಬರ್ತ್‌ಗೆ ಜಗಳ ಶುರುವಾಗಿತ್ತು. ಹಡಗಿನಲ್ಲಿ ಆರು ವರ್ಷದೊಳಗಿನವರನ್ನು ಮೇಲೆ ಮಲಗಿಸಬಾರದು ಎನ್ನುವುದು ಸಾಮಾನ್ಯ ಸೂಚನೆ. ಪಟ್ಟಿ ಕಟ್ಟಿರುತ್ತದೆ, ನಿಜ. ಆದರೆ ನಡುರಾತ್ರಿ ನಿದ್ದೆಗಣ್ಣಿನಲ್ಲಿ ಏಣಿ ಇಳಿಯುವಾಗ ಹಡಗು ಒಂದು ಕಡೆಗೆ ವಾಲಿದರೆ ಪಟ್ಟಿ ಏನು ಮಾಡೀತು? ನಮ್ಮವರು ತಾವೇ ಮೇಲೆ ಮಲಗುತ್ತೇನೆ ಎಂದರು. ಆರಡಿಯ ಮನುಷ್ಯ ಅಲ್ಲಿ ಮೊಣಕಾಲು ಮಡಿಚಿಕೊಂಡೇ ಎಲ್ಲ ರಾತ್ರಿಗಳನ್ನೂ ಕಳೆದರು. ಒಮ್ಮೆಯೂ ಗೊಣಗಲಿಲ್ಲ. ಹಾಗಾಗಿ ಕೆಳಗಿನ ಒಂದು ಮಂಚ ನನಗೆ, ಇನ್ನೊಂದು ಮಗನಿಗೆ.

ಪ್ರತಿ ಕೋಣೆಯಲ್ಲೂ ಒಬ್ಬರಾದರೂ ದೊಡ್ಡವರು ಇರಬೇಕು. ಮಗಳು "ನಾನು ಅಮ್ಮಮ್ಮನ ಜೊತೆ" ಎಂದು ತಾನಾಗಿ ಹೇಳಿದ್ದರಿಂದ ಅದು ಸುಲಭವಾಯಿತು. ಅವಳು ಅಮ್ಮನನ್ನು ನೋಡಿಕೊಳ್ಳುತ್ತಾಳೋ ಅಮ್ಮ ಅವಳನ್ನೋ ಎಂದು ಯಾರೂ ಕೇಳಲಿಲ್ಲ. ಅಮ್ಮನ ಮಂಡಿಗೆ ಹಡಗಿನ ಬಚ್ಚಲಿನ ಹೊಸ್ತಿಲೊಂದೇ ನನ್ನ ಚಿಂತೆಯಾಗಿತ್ತು. ನೀರು ಹೊರಗೆ ಹರಿಯದಂತೆ ಅದನ್ನು ಎತ್ತರಿಸಿರುತ್ತಾರೆ. ಮೊದಲ ಸಂಜೆಯೇ ಮಗಳು ತನ್ನ ಹಳದಿ ರಿಬ್ಬನ್ನನ್ನು ಆ ಹೊಸ್ತಿಲಿನ ಉದ್ದಕ್ಕೂ ಅಂಟಿಸಿದಳು, ಕತ್ತಲಲ್ಲೂ ಅಮ್ಮಮ್ಮನ ಕಣ್ಣಿಗೆ ಬೀಳಲಿ ಎಂದು. ಅಮ್ಮ ಊರಿನಿಂದ ತಂದ ಹಿತ್ತಾಳೆ ಚೊಂಬನ್ನು ಒಳಗಿಟ್ಟರು. ಮಗುವಿನ ಸ್ನಾನ ಆ ಚೊಂಬಿನಲ್ಲೇ ಆಯಿತು.

ತಮ್ಮನ ಸಂಸಾರಕ್ಕೆ ಎದುರುಬದಿಯ ಒಳಕೋಣೆ, ಕಿಟಕಿ ಇಲ್ಲದ್ದು. ಕಿಟಕಿಯಿಲ್ಲದ ಕೋಣೆಯನ್ನು ಜನ ಕೀಳಾಗಿ ನೋಡುತ್ತಾರೆ. ಹಗಲು ಎರಡು ಸಲ ಮಲಗುವ ಕೂಸಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೀಪ ಆರಿಸಿದರೆ ಗರ್ಭಗುಡಿಯ ಕತ್ತಲು. ದೊಡ್ಡ ಮಕ್ಕಳಿಗೆ ಮಾತ್ರ ಆ ಕತ್ತಲು ಕಷ್ಟ, ರಾತ್ರಿ ಮೂರಕ್ಕೆ ಎದ್ದರೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯುವುದಿಲ್ಲ. 2011ರ ಡಿಸ್ನಿ ಡ್ರೀಮ್‌ ಹಡಗಿನಲ್ಲಿ ಇಂಥ ಒಳಕೋಣೆಯ ಗೋಡೆಗೆ ದುಂಡನೆಯ ಪರದೆ ಕೂಡಿಸಿ, ಹೊರಗಿನ ಕಡಲನ್ನು ಕ್ಯಾಮೆರಾದ ಮೂಲಕ ಅದರಲ್ಲಿ ತೋರಿಸಿದರು. ನಮ್ಮ ಕೂಸಿಗೆ ತೊಟ್ಟಿಲನ್ನು ಟಿಕೆಟ್ ಮಾಡಿಸುವಾಗಲೇ ಕೇಳಿಟ್ಟಿದ್ದೆ. ಹಡಗಿನಲ್ಲಿ ಜೋಲಿ ಕಟ್ಟಲು ಜಂತಿ ಎಲ್ಲಿಂದ ಬರಬೇಕು? ತೊಟ್ಟಿಲಿಟ್ಟ ಮೇಲೆ ನೆಲದಲ್ಲಿ ಉಳಿದದ್ದು ಒಬ್ಬರು ನಿಲ್ಲುವ ಜಾಗ. ನಾದಿನಿ "ಸಾಕು ಅತ್ತೆ, ಎರಡು ಹೆಜ್ಜೆಗೆ ನೀವಿದ್ದೀರಲ್ಲ" ಎಂದು ಅಮ್ಮನಿಗೆ ಹೇಳಿದಳು.

ಅಂತಸ್ತು ಆರಿಸುವಾಗ ಆಗುಂಬೆ ಘಾಟಿಯ ಬಸ್ಸು ನೆನಪಿಗೆ ಬಂತು. ಕೊನೆಯ ಸೀಟಿನಲ್ಲಿ ಕೂತವರಿಗೆ ವಾಂತಿ, ನಡುವಿನವರಿಗೆ ನಿದ್ದೆ. ಹಡಗೂ ಹಾಗೆಯೇ. ಅಲೆಗೆ ಮೂತಿ ಎದ್ದಾಗ ಹಿಂಭಾಗ ಇಳಿಯುತ್ತದೆ, ನಡುಭಾಗ ಏತದ ಕಂಬದಂತೆ ನಿಂತಲ್ಲೇ ಇರುತ್ತದೆ. ಎತ್ತರ ಹೋದಷ್ಟೂ ಅಕ್ಕಪಕ್ಕದ ವಾಲಾಟ ಹೆಚ್ಚು. ಹಾಗಾಗಿ ಕೆಳಗಿನ ಅಂತಸ್ತು, ನಟ್ಟನಡು. ಮೇಲೂ ಕೆಳಗೂ ಬರಿ ಕೋಣೆಗಳೇ ಇರಬೇಕು, ಕುಣಿತದ ಹಾಲ್ ಇರಬಾರದು, ಅಡುಗೆಮನೆ ಇರಬಾರದು, ಬೆಳಗಿನ ಜಾವ ಕುರ್ಚಿ ಎಳೆಯುವ ಈಜುಕೊಳದ ಅಂಗಳವಂತೂ ಬೇಡವೇ ಬೇಡ. ಮೂರು ಅಂತಸ್ತಿನ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ನೋಡಿದೆ.

ನಡುಬಾಗಿಲಿರುವ ಜೋಡಿ ಕೋಣೆ ಸಿಗಲಿಲ್ಲ. ಆದರೆ ನಕ್ಷೆಯನ್ನು ದಿಟ್ಟಿಸುತ್ತ ಒಂದು ಸಂಗತಿ ಕಂಡಿತು. ಅಕ್ಕಪಕ್ಕದ ಕೋಣೆಗಳು ಕನ್ನಡಿಯಲ್ಲಿ ನೋಡಿದಂತೆ ಎಡಬಲ ಅದಲುಬದಲಾಗಿ ಸಾಗುತ್ತವೆ. ಒಂದು ಕಡೆ ಬಚ್ಚಲಿಗೆ ಬಚ್ಚಲು ತಾಗಿದರೆ, ಇನ್ನೊಂದು ಕಡೆ ಬರಿ ತೆಳುಗೋಡೆ, ಅದರ ಈಚೆಗೊಂದು ಮಂಚ, ಆಚೆಗೊಂದು ಮಂಚ. ಪಕ್ಕದ ಕೋಣೆ ಎಂದು ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಎರಡಕ್ಕೂ ಇರುವ ಅಂತರ ಅಜ್ಜಿಯಾಗಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದರು. ಮಂಚದ ಗೋಡೆ ಹಂಚಿಕೊಂಡ ಜೋಡಿಯನ್ನು ಆರಿಸಿದೆ. ಈಚೆಯ ಮಂಚ ಮಗನಿಗೆ, ಆಚೆಯದು ಅಮ್ಮನಿಗೆ.

ಇನ್ನು ಎಡಬದಿಯೋ ಬಲಬದಿಯೋ ಎಂಬುದು. ಅಮ್ಮ ಎಡಬಲ ಅನ್ನುವವರಲ್ಲ, ಅವರಿಗೆ ಮೂಡು, ಪಡು, ತೆಂಕು, ಬಡಗು. ಉಪ್ಪಿನ ಡಬ್ಬಿ ಕೂಡ ಒಲೆಯ ಮೂಡುಬದಿಗೆ ಇರುತ್ತದೆ. "ಕಿಟಕಿ ಮೂಡಕ್ಕೊ ಪಡುವಕ್ಕೊ?" ಎಂದು ಕೇಳಿದರು. ನಾವು ಹೋಗುವ ಲಕ್ಷದ್ವೀಪದ ಅಗತ್ತಿ ದ್ವೀಪ ಮುಂಬಯಿಗೆ ಹೆಚ್ಚುಕಡಿಮೆ ನೇರ ತೆಂಕಿಗಿದೆ, ಸುಮಾರು 900 ಕಿಲೋಮೀಟರು. ಹೋಗುವಾಗ ಎಡಬದಿಯೇ ಮೂಡು. ಸೂರ್ಯ ಹುಟ್ಟುವುದೂ ಅಲ್ಲಿ, ಕಾಣದಷ್ಟು ದೂರದಲ್ಲಿ ನಮ್ಮ ಕರಾವಳಿ ಇರುವುದೂ ಅಲ್ಲೇ. "ಮೂಡು" ಅಂದೆ. "ತಲೆ ಯಾವ ಕಡೆ ಬರ್ತದೆ?" ಬಡಗಿಗೆ ತಲೆ ಹಾಕಿ ಅವರು ಜನ್ಮದಲ್ಲಿ ಮಲಗಿದವರಲ್ಲ. ಮಂಚ ಹಡಗಿಗೆ ಅಡ್ಡವಾಗಿತ್ತು, ದಿಂಬು ಕಿಟಕಿಯ ಕಡೆಗೆ. ನಾನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, ಕಾಗದವನ್ನು ತಿರುಗಿಸಿ ತಾವೇ ಹೇಳಿದರು: "ಹೋಗುವಾಗ ತಲೆ ಮೂಡಕ್ಕೆ. ಬರುವಾಗ ಪಡುವಕ್ಕೆ. ತೆಂಕಿಗೆ ಹೋಗಿ ಬಡಗಿಗೆ ಬರುವ ಹಡಗಿನಲ್ಲಿ ಅಡ್ಡ ಮಲಗಿದವರ ತಲೆ ಬಡಗಿಗೆ ಬರುವುದೇ ಇಲ್ಲ." ಅವರ ಮುಖ ಅರಳಿತು.

ಮುಂಬಯಿಯ ಬ್ಯಾಲಾರ್ಡ್ ಪಿಯರಿನಿಂದ ಸಂಜೆ ಹೊರಟೆವು. ಬೆಳಿಗ್ಗೆ ಅಮ್ಮನ ಕಿಟಕಿಯಲ್ಲಿ ಸೂರ್ಯ ಹುಟ್ಟಿದ. ಮಗ ಅಮ್ಮಮ್ಮನ ಮಂಚದ ಮೇಲೆ ಮೊಣಕಾಲೂರಿ ಗಾಜಿಗೆ ಮೂಗು ಒತ್ತಿ ನೋಡಿದ. ಅವನ ಉಸಿರು ಗಾಜಿನ ಮೇಲೆ ಮಂಜು ಕಟ್ಟಿತು, ಅಮ್ಮ ಸೆರಗಿನಿಂದ ಒರೆಸುತ್ತಲೇ ಇದ್ದರು. ಮಧ್ಯಾಹ್ನ ಕಳೆದ ಮೇಲೆ ಫೋನಿನ ನಕ್ಷೆಯಲ್ಲಿ ಹಡಗಿನ ಚುಕ್ಕಿ ಕುಂದಾಪುರದ ನೇರಕ್ಕೆ ಬಂತು, ನಡುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ನೀರು. ಅಮ್ಮನಿಗೆ ಹೇಳಿದೆ. ಅವರು ಕಿಟಕಿ ಬಿಟ್ಟು ಏಳಲೇ ಇಲ್ಲ. ಅವರ ಅಪ್ಪ, ನನ್ನ ಅಜ್ಜ, ಹೋಟೆಲ್ ಕೆಲಸಕ್ಕೆಂದು ಹದಿನಾರನೆಯ ವಯಸ್ಸಿನಲ್ಲಿ ಮಂಗಳೂರಿನಿಂದ ಮುಂಬಯಿಗೆ ಸ್ಟೀಮರಿನಲ್ಲಿ ಹೋದವರು. ಡೆಕ್ಕಿನ ಟಿಕೆಟು. ಮನೆಯಿಂದ ತಂದ ಚಾಪೆ ಬಿಚ್ಚಿದಲ್ಲೇ ಅವರ ಕೋಣೆ. ಆ ರಾತ್ರಿ ಊರಿನವರೇ ಆದ ಇಬ್ಬರು ಹಿರಿಯರು ಹುಡುಗನನ್ನು ತಮ್ಮ ನಡುವೆ ಮಲಗಿಸಿಕೊಂಡರಂತೆ, ಹಡಗು ವಾಲಿದರೆ ಉರುಳಿ ಹೋಗದಿರಲಿ ಎಂದು. ಅಮ್ಮ ಇದನ್ನು ನನಗೆ ಎಂದೂ ಹೇಳಿರಲಿಲ್ಲ. ಆ ಕಿಟಕಿಯ ಮುಂದೆ ಹೇಳಿದರು.

ಮೊದಲ ರಾತ್ರಿ ಮಗ ನಿದ್ದೆ ಬಾರದೆ ಹೊರಳಾಡಿದ. "ಗೋಡೆಯ ಆಚೆ ಅಮ್ಮಮ್ಮ ಇದ್ದಾರೆ, ತಟ್ಟಿ ನೋಡು ಪುಟ್ಟ" ಅಂದೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ. ಒಂದು ಕ್ಷಣ ಏನೂ ಇಲ್ಲ, ಎಂಜಿನಿನ ಗುಂಯ್‌ಗುಡುವಿಕೆ ಮಾತ್ರ. ಆಮೇಲೆ ಆಚೆಯಿಂದ ಎರಡು ಏಟು, ಬಳೆಯ ಸದ್ದಿನ ಜೊತೆ. ಅವನು ನಕ್ಕು, ಗೋಡೆಗೆ ಅಂಗೈ ಒತ್ತಿಕೊಂಡೇ ನಿದ್ದೆ ಹೋದ. ಮರುರಾತ್ರಿಯಿಂದ ಅದೇ ಪದ್ಧತಿಯಾಯಿತು.

ಹಿಂತಿರುಗುವಾಗ ಹಡಗು ಬಡಗಿಗೆ ಮುಖ ಮಾಡಿತ್ತು. ಅದೇ ಕಿಟಕಿಯಲ್ಲಿ ಈಗ ಸೂರ್ಯ ಮುಳುಗಿದ. ಅಗತ್ತಿಯ ಮರಳಿನಲ್ಲಿ ಹಗಲೆಲ್ಲ ಕುಣಿದಿದ್ದ ಮಗ ಆ ರಾತ್ರಿ ಊಟದ ಮೇಜಿನಲ್ಲೇ ತೂಕಡಿಸಿ, ಎತ್ತಿಕೊಂಡು ಬಂದು ಮಲಗಿಸಿದರೂ ಕಣ್ಣು ಬಿಡಲಿಲ್ಲ. ಗೋಡೆ ತಟ್ಟುವವರಿರಲಿಲ್ಲ. ನಾನು ದೀಪ ಆರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಆಚೆಯಿಂದ ಮೆಲ್ಲಗೆ ಎರಡು ಸಲ ತಟ್ಟಿದ ಸದ್ದು ಬಂತು. ಕಾದು, ಇನ್ನೊಮ್ಮೆ ಎರಡು ಸಲ. ನಾನು ಎದ್ದು, ನಡುವಿನ ಒಂದು ಹೆಜ್ಜೆ ದಾಟಿ, ಮಲಗಿದ ಮಗನ ಮೇಲಿಂದ ಕೈ ಚಾಚಿ ಗೋಡೆಯನ್ನು ಎರಡು ಸಲ ತಟ್ಟಿದೆ.