ತೊಲೆಯ ತುದಿ

ಕೊಳ್ಳಲೆಂದು ಗುಂಡ್ಲುಪೇಟೆಯ ಆ ತೊಟ್ಟಿಮನೆಗೆ ಮೊದಲ ಸಲ ಹೋದಾಗ ನಾನು ಕಣ್ತುಂಬ ನೋಡಿದ್ದು ಜಗಲಿಯೊಂದನ್ನೇ. ನಾಲ್ಕು ಜನ ಕೂತು ಎಲೆಅಡಿಕೆ ಹಾಕಿಕೊಳ್ಳುವಷ್ಟು ಅಗಲ, ಒರಗಿ ಒರಗಿ ನುಣುಪಾದ ಎರಡು ಕಂಬ. ಸುಣ್ಣಬಣ್ಣ, ಒಂದಿಷ್ಟು ಹೆಂಚು, ಹೊಸ ಬಚ್ಚಲು ಅಂತ ಅಲ್ಲೇ ಕೂತು ಎರಡು ಲಕ್ಷದ ಲೆಕ್ಕ ಹಾಕಿಬಿಟ್ಟೆ.

ಎರಡನೆಯ ಸಲ ಮರಗೆಲಸದ ಆಚಾರ್ರು ಜೊತೆಗಿದ್ದರು. ಅವರು ಜಗಲಿ ದಾಟಿ ನೇರ ಒಳಗೆ ನಡೆದು ಏಣಿ ಕೇಳಿದರು. ತೊಲೆಗಳನ್ನು ಗೋಡೆಯೊಳಗೆ ಸೇರುವ ತುದಿಯಲ್ಲೇ ಕೊಡತಿಯಿಂದ ತಟ್ಟುತ್ತ ಹೋದರು. ಮೂರು ಗಟ್ಟಿ ಸದ್ದು ಕೊಟ್ಟವು, ನಾಲ್ಕನೆಯದು ಟೊಳ್ಳು. ಉಳಿಯ ಮೊನೆ ಒತ್ತಿದರೆ ರಾಗಿಮುದ್ದೆಗೆ ಬೆರಳಿಟ್ಟ ಹಾಗೆ ಇಳಿಯಿತು, ಗೆದ್ದಲ ಮಣ್ಣು ಉದುರಿತು. "ನೀರು ಕುಡ್ದ ಜಾಗದಲ್ಲೇ ಗೆದ್ಲು ಊಟಕ್ಕೆ ಕೂರೋದು ಸಾರ್" ಎಂದರು.

ಸೋರುವ ಸೂರು ಎಂದರೆ ನನಗೆ ಚಾಮರಾಜನಗರದ ಅಜ್ಜಿಮನೆಯ ಆಷಾಢ. ಚಾಮರಾಜೇಶ್ವರನ ತೇರಿಗೆ ಹೊಸದಾಗಿ ಮದುವೆಯಾದವರೆಲ್ಲ ಬರುವ ಕಾಲ, ಮನೆ ತುಂಬ ನೆಂಟರು. ಬೇಸಿಗೆಯಲ್ಲಿ ತಾತ ಆಳು ಕರೆಸಿ ಹೆಂಚು ಕೈಯಾಡಿಸಿರುತ್ತಿದ್ದರು, ಆದರೆ ಕೋತಿಗಳು ಬಿಡಬೇಕಲ್ಲ! ರಾತ್ರಿ ಮಳೆ ಹಿಡಿದರೆ ಅಜ್ಜಿ ದೀಪವನ್ನೂ ಹಚ್ಚದೆ, ಮಲಗಿದವರ ನಡುವೆ ಹೆಜ್ಜೆಯಿಟ್ಟು, ತಪ್ಪಲೆ ಚರಿಗೆಗಳನ್ನು ಅದರದರ ಜಾಗಕ್ಕೆ ಇಟ್ಟು ಬರುತ್ತಿದ್ದರು. ಆ ದೇವರ ರಥ 2017ರಲ್ಲಿ ಬೆಂಕಿಗೆ ಸುಟ್ಟು, ಹೊಸದು ಸಿದ್ಧವಾಗಿ ತೇರು ಮತ್ತೆ ಹೊರಟದ್ದು 2022ರಲ್ಲಿ. ಮರದ ಕೆಲಸಕ್ಕೆ ದುಡ್ಡಿನ ಜೊತೆಗೆ ದಿನವನ್ನೂ ಎಣಿಸಿಕೊಳ್ಳಿ ಎಂದು ಆಚಾರ್ರು ಹೇಳಿದಾಗ, ತೇರಿಲ್ಲದ ಆ ಐದು ಆಷಾಢ ನೆನಪಾದವು.

ನನ್ನ ಎರಡು ಲಕ್ಷ ಚಾವಣಿಗೇ ಮುಗಿಯಿತು. ಹೆಂಚು ಇಳಿಸಬೇಕು, ರೀಪು ಬದಲಾಯಿಸಬೇಕು, ಹಳೆಯ ಹೆಂಚಿಗೆ ಹೊಂದುವ ಅಳತೆಯದನ್ನು ಹುಡುಕಬೇಕು. ಮಣ್ಣಿನ ಗೋಡೆಗೆ ಯಾರೋ ಬಳಿದ ಸಿಮೆಂಟನ್ನು ಕೆತ್ತಿ ತೆಗೆದು ಸುಣ್ಣದ ಗಾರೆ ಮಾಡಿಸಬೇಕು, ಏಕೆಂದರೆ ಸಿಮೆಂಟು ತೇವವನ್ನು ಗೋಡೆಯೊಳಗೇ ಕಟ್ಟಿಹಾಕುತ್ತದೆ, ಮಣ್ಣು ಒಳಗೊಳಗೇ ಕರಗುತ್ತದೆ. ವೈರಿಂಗು, ಪೈಪು ಇನ್ನೂ ಬಾಕಿ. ನೀವೂ ಹಳೆಯ ಮನೆ ನೋಡಲು ಹೊರಟಿದ್ದರೆ, ಮುಂಗಡ ಕೊಡುವ ಮೊದಲು ಇವನ್ನೆಲ್ಲ ಬರೆಸಿಕೊಳ್ಳಿ. ಋಣಭಾರ ಪತ್ರದಲ್ಲಿ ಸಾಲ ಕಾಣುತ್ತದೆ, ಗೆದ್ದಲು ಕಾಣುವುದಿಲ್ಲ.

ಮೂರನೆಯ ಸಲ ಮಳೆ ನೋಡಿಕೊಂಡೇ ಹೋದೆ. ಬೆಲೆಯ ಮಾತು ಇನ್ನೂ ಎತ್ತಿರಲಿಲ್ಲ. ಮನೆಯ ಹಿರಿಯಮ್ಮ ಮಾತಿನ ನಡುವೆ ಎದ್ದುಹೋಗಿ, ಹಿತ್ತಾಳೆ ತಪ್ಪಲೆಯೊಂದನ್ನು ತಂದು ಆ ನಾಲ್ಕನೆಯ ತೊಲೆಯ ಕೆಳಗಿಟ್ಟು ಬಂದು ಕೂತರು. ಮೊದಲ ಹನಿ ನೇರ ಅದರೊಳಗೇ ಬಿತ್ತು.