ನೇಗಿಲು ಮುಟ್ಟದ ಮಣ್ಣು

ಹೆಡ್‌ಫೋನ್ ಕಿವಿಗೇರಿಸಿ ಗುಂಡಿ ಒತ್ತುತ್ತೀರಿ. ಗಾಳಿಯ ಸದ್ದು, ಕಾಗೆಗಳ ಗಲಾಟೆ, ದೂರದ ಟ್ರ್ಯಾಕ್ಟರ್ ಎಲ್ಲವೂ ಒಮ್ಮೆಗೇ ಅಡಗಿ, ಕಿವಿಯ ತುಂಬ ಕಿರಿಚಾಟ ಶುರುವಾಗುತ್ತದೆ. ಚಟಪಟ, ಕೀಂ, ಗರ್ರ್, ಮತ್ತೆ ಚಟಪಟ. ಕೈಯಲ್ಲಿರುವ ಮೆಟಲ್ ಡಿಟೆಕ್ಟರನ್ನು ನೀವಿನ್ನೂ ಅಲುಗಿಸಿಯೇ ಇಲ್ಲ.

ಇದು ಇಂಗ್ಲೆಂಡಿನ ಪೂರ್ವಕ್ಕಿರುವ ಸಫೋಕ್ ಸೀಮೆ. ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ. ಗೋಧಿ ಕಟಾವಾಗಿ, ಉತ್ತು, ಹೆಂಟೆ ಒಡೆದು ಮಟ್ಟ ಮಾಡಿದ ಹೊಲ. ಒಡೆಯನ ಒಪ್ಪಿಗೆ ಪತ್ರ ಕೋಟಿನ ಒಳಜೇಬಿನಲ್ಲಿದೆ. ರಾತ್ರಿಯ ಮಳೆಗೆ ನೆನೆದ ಜೇಡಿಮಣ್ಣು ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತಿದೆ. ಮೂಗಿಗೆ ಹಸಿಮಣ್ಣಿನ ವಾಸನೆ, ಅದರೊಳಗೆ ಕೊಳೆತ ಹುಲ್ಲಿನ ಸಣ್ಣ ಹುಳಿ. ಮಳೆ ಬಿದ್ದದ್ದು ಒಳ್ಳೆಯದೇ ಆಯಿತು. ಈ ಕೆಲಸದಲ್ಲಿ ಪಳಗಿದವರು ಒಣ ಹೊಲಕ್ಕಿಂತ ನೆನೆದ ಹೊಲವನ್ನೇ ನೆಚ್ಚುತ್ತಾರೆ.

ಆದರೆ ಈ ಕಿರಿಚಾಟ? ತಲೆಯೆತ್ತಿ ನೋಡಿ. ಬೇಲಿಯಾಚೆ ವಿದ್ಯುತ್ ತಂತಿ ಹಾದುಹೋಗಿದೆ. ಆಳದ ನಾಣ್ಯ ಬೇಕು ಎಂದು ನೀವು ಸೆನ್ಸಿಟಿವಿಟಿಯನ್ನು ಕೊನೆಯ ಹಂತಕ್ಕೆ ಏರಿಸಿಟ್ಟಿದ್ದೀರಿ, 25ಕ್ಕೆ 25. ಯಂತ್ರ ಈಗ ನೆಲವನ್ನೂ ತಂತಿಯನ್ನೂ ಮೋಡವನ್ನೂ ಒಟ್ಟೊಟ್ಟಿಗೆ ಕೇಳಿಸಿಕೊಳ್ಳುತ್ತಿದೆ. ಇಳಿಸಬೇಕು. ಹೆಬ್ಬೆರಳು ಗುಂಡಿಯ ಮೇಲಿದೆ, ಮನಸ್ಸು ಒಪ್ಪುತ್ತಿಲ್ಲ. ಇಳಿಸಿದಷ್ಟೂ ಆಳ ಕಳೆದುಕೊಂಡಂತೆ ಅನಿಸುತ್ತದೆ. 22. ಇನ್ನೂ ಚಟಪಟ. ಕಂಪನಾಂಕವನ್ನು ಒಂದಿಷ್ಟು ಸರಿಸುತ್ತೀರಿ, ತಂತಿಯ ಗುಂಯ್‌ಗುಡುವಿಕೆ ಅರ್ಧ ತಗ್ಗುತ್ತದೆ. 20. 19. ಆಗ ನೆಲ ಸುಮ್ಮನಾಗುತ್ತದೆ. ಉಳಿಯುವುದು ಥ್ರೆಷೋಲ್ಡ್ ಎನ್ನುವ ಒಂದೇ ಎಳೆಯ ಸಣ್ಣ ನಾದ, ಕೇಳಿಯೂ ಕೇಳದಷ್ಟು.

ಕಳೆದುಕೊಂಡದ್ದು ನೀವು ಹೆದರಿದಷ್ಟಿಲ್ಲ. ಯಂತ್ರದ ತುದಿಯಲ್ಲಿರುವ ತಟ್ಟೆಯಂಥ ಕಾಯಿಲಿನಿಂದ ಹೊರಡುವ ಕಾಂತಕ್ಷೇತ್ರ ನೆಲದೊಳಗೆ ಇಳಿದು ನಾಣ್ಯದ ಮೈಯಲ್ಲಿ ಎಡ್ಡಿ ಕರೆಂಟ್ ಎಂಬ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಕರೆಂಟಿನದೇ ಒಂದು ಪುಟ್ಟ ಕಾಂತಕ್ಷೇತ್ರ ಮೇಲೆದ್ದು ಕಾಯಿಲಿಗೆ ಮರಳುತ್ತದೆ. ಹೋಗುವಾಗಲೂ ಕ್ಷೀಣಿಸುತ್ತದೆ, ಬರುವಾಗಲೂ ಕ್ಷೀಣಿಸುತ್ತದೆ. ಲೆಕ್ಕದ ಪ್ರಕಾರ ಆಳ ಎರಡರಷ್ಟಾದರೆ ಮರಳಿ ಬರುವ ದನಿ ಸುಮಾರು 64ರಲ್ಲಿ ಒಂದು ಪಾಲು. ಅಂಥ ದನಿಯನ್ನು ಗದ್ದಲದ ನಡುವೆ ಹಿಡಿಯಲಾಗದು. ಮೌನ ಸಿಕ್ಕ ಮೇಲಷ್ಟೇ ಆಳ ಸಿಗುತ್ತದೆ.

ಇನ್ನು ಗ್ರೌಂಡ್ ಬ್ಯಾಲೆನ್ಸ್. ಲೋಹವಿಲ್ಲದ ಒಂದು ತುಂಡು ನೆಲ ಹುಡುಕಿ, ಕಾಯಿಲನ್ನು ಮೊಣಕಾಲೆತ್ತರದಿಂದ ನೆಲದ ಹತ್ತಿರಕ್ಕೆ ಇಳಿಸಿ, ಎತ್ತಿ, ಮತ್ತೆ ಇಳಿಸಿ. ಇಳಿಸಿದಾಗ ನಾದ ಉಬ್ಬುತ್ತಿದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಅದು, ನಾಣ್ಯಕ್ಕಿಂತ ದೊಡ್ಡ ದನಿಯಲ್ಲಿ ಮಾತಾಡುವಂಥದ್ದು. ಮುಂಗೈ ನೋಯುವವರೆಗೆ ಎತ್ತಿ ಇಳಿಸುತ್ತೀರಿ, ಒಂದೊಂದೇ ಅಂಕಿ ಬದಲಿಸುತ್ತೀರಿ. ಕೊನೆಗೊಮ್ಮೆ ಮೇಲಿದ್ದರೂ ಕೆಳಗಿದ್ದರೂ ನಾದ ಒಂದೇ ಆಗುತ್ತದೆ.

ಮುಂದಿನ ಆಯ್ಕೆಗೆ ನಿಜಕ್ಕೂ ಧೈರ್ಯ ಬೇಕು. ಅಂಗಡಿಯಿಂದ ಬಂದಾಗ ಯಂತ್ರ ಕಬ್ಬಿಣದ ಬಾಯಿ ಮುಚ್ಚಿಸಿಕೊಂಡೇ ಬಂದಿರುತ್ತದೆ. ಡಿಸ್ಕ್ರಿಮಿನೇಷನ್ ಎನ್ನುತ್ತಾರೆ. ಮೊಳೆ, ಲಾಳ, ಸರಪಳಿಯ ತುಂಡು ಯಾವುದೂ ಕೇಳಿಸುವುದಿಲ್ಲ, ನಡಿಗೆ ಸುಖ. ಆದರೆ ಏಳುನೂರು ವರ್ಷ ಜನ ಉತ್ತ ನೆಲದಲ್ಲಿ ಮೊಳೆ ಇಲ್ಲದ ಮಾರುದ್ದ ಜಾಗ ಸಿಗುವುದು ಅಪರೂಪ. ಮೊಳೆಯ ಬಾಯಿ ಮುಚ್ಚಿಸಿದರೆ ಅದರ ಮಗ್ಗುಲಲ್ಲಿ, ಅದರಡಿಯಲ್ಲಿ ಮಲಗಿರುವ ಬೆಳ್ಳಿಯ ಬಾಯಿಯೂ ಮುಚ್ಚುತ್ತದೆ.

ಈ ಸಂಕಟ ಯಂತ್ರದಷ್ಟೇ ಹಳೆಯದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡನ್ನು ಪತ್ತೆಹಚ್ಚಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಒಂದು ಉಪಕರಣ ಹಿಡಿದು ಹಾಸಿಗೆಯ ಪಕ್ಕ ನಿಂತಿದ್ದ. ಗುಂಡು ಸಿಗಲಿಲ್ಲ. ವೈದ್ಯರು ಬಲಬದಿಯನ್ನಷ್ಟೇ ಹುಡುಕಲು ಬಿಟ್ಟಿದ್ದರು, ಗುಂಡು ಎಡಕ್ಕಿತ್ತು. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೂ ಅಡ್ಡಬಂದವು ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ತೀರಿಕೊಂಡ. ಹತ್ತಿರದ ಕಬ್ಬಿಣಕ್ಕೆ ದೂರದ ಲೋಹವನ್ನು ನುಂಗುವ ಶಕ್ತಿಯಿದೆ.

ಹಾಗಾಗಿ ಡಿಸ್ಕ್ರಿಮಿನೇಷನ್ ಸೊನ್ನೆಗೆ. ಎಲ್ಲ ಮೊಳೆಗಳೂ ಗೊರಗೊರ ಗೊಣಗಲಿ, ಬೇರ್ಪಡಿಸುವ ಕೆಲಸ ಇನ್ನು ನಿಮ್ಮ ಕಿವಿಯದು. ನೀವು ಹುಡುಕುತ್ತಿರುವುದು ಕೈಯಿಂದ ಬಡಿದು ಮುದ್ರೆಯೊತ್ತಿದ ಬೆಳ್ಳಿಯ ಪೆನ್ನಿಯನ್ನು. ಅಗಲ 18 ಮಿಲಿಮೀಟರ್, ತೂಕ ಒಂದೂವರೆ ಗ್ರಾಮಿಗೂ ಕಡಿಮೆ, ಉಗುರಿನಷ್ಟೇ ತೆಳು. ಇಷ್ಟು ತೆಳು ಬೆಳ್ಳಿಗೆ 15 ಕಿಲೋಹರ್ಟ್ಸ್ ಹತ್ತಿರದ ಕಂಪನಾಂಕ ಒಗ್ಗುತ್ತದೆ, ಅಲ್ಲಿಂದಲೇ ಶುರು ಮಾಡಿ. ರಿಕವರಿ ಸ್ಪೀಡ್ ತಗ್ಗಿಸಿ. ಒಂದು ಸದ್ದು ಮುಗಿದು ಇನ್ನೊಂದಕ್ಕೆ ತಯಾರಾಗಲು ಯಂತ್ರ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲೇ ಆಳದ ದನಿಗೆ ಎಡೆ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ನಿಮ್ಮ ವೇಗ. ಕಾಯಿಲ್ ನೆಲಕ್ಕೆ ಎರಡು ಬೆರಳ ಅಂತರದಲ್ಲಿ, ಎರಡು ತುದಿಗಳಲ್ಲೂ ಮೇಲೇಳದೆ, ನಿಧಾನವಾಗಿ ಹೋಗಿ ಬರಬೇಕು.

ನಡೆಯಿರಿ. ಬೀಸು, ಅರ್ಧ ಹೆಜ್ಜೆ, ಬೀಸು. ಬಲಭುಜದಲ್ಲಿ ನೋವು ಎಚ್ಚರಗೊಳ್ಳುತ್ತದೆ, ಆಮೇಲೆ ಸೊಂಟದಲ್ಲಿ. ಜೋರು ದನಿಗೆ ಬಾಗಿ ಅಗೆದರೆ ಬೇಟೆ ಬಂದೂಕಿನ ತೋಟೆಯ ಹಿತ್ತಾಳೆ ತಳ. ಮತ್ತೊಂದಕ್ಕೆ ಚೂರಾದ ಬಿಯರ್ ಡಬ್ಬಿ. ಸೀಸದ ತುಂಡು. ಎಲ್ಲ ಜೇಬಿಗೆ. ಬೆವರು ಬೆನ್ನಿನಲ್ಲಿ ತಣ್ಣಗಾಗುತ್ತಿದೆ.

ತಡೆಯಿರಿ.

ಅದೇನದು? ಬೀಪ್ ಆಗಲಿಲ್ಲ. ಸಣ್ಣ ನಾದ ಒಂದು ಕ್ಷಣ ಉಸಿರೆಳೆದುಕೊಂಡಂತಾಯಿತು, ಅಷ್ಟೇ. ಪರದೆಯ ಮೇಲೆ ಅಂಕಿಯೇ ಮೂಡಲಿಲ್ಲ. ಹಿಂದಕ್ಕೆ ಬೀಸಿ. ಏನಿಲ್ಲ. ಇನ್ನೂ ನಿಧಾನಕ್ಕೆ. ಇದೆ. ಬಲದಿಂದ ಎಡಕ್ಕೆ ಕೇಳುತ್ತದೆ, ಎಡದಿಂದ ಬಲಕ್ಕೆ ಮೊಳೆಯ ಗೊಣಗಾಟದಲ್ಲಿ ಮುಳುಗುತ್ತದೆ. ಹೊಸಬರು ಇಲ್ಲಿಂದಲೇ ಮುಂದೆ ಹೋಗಿಬಿಡುತ್ತಾರೆ. ನಿಮ್ಮ ಕಾಲೂ ಮುಂದಕ್ಕೆ ಎದ್ದಿದೆ, ಅಲ್ಲೇ ಊರಿಬಿಡಿ. ಬೂಟಿನ ಮಗ್ಗುಲಿಂದ ಮೇಲಿನ ಸಡಿಲು ಮಣ್ಣನ್ನು ಸರಿಸಿ, ಕಾಯಿಲ್ ಮೂರು ಬೆರಳು ಕೆಳಗಿಳಿಯಲಿ. ದನಿ ಎಳೆಯಷ್ಟು ದಪ್ಪವಾಯಿತು. ಕಂಪನಾಂಕ 15ರಿಂದ 8ಕ್ಕೆ ಇಳಿಸಿ ನೋಡಿ. ಉಬ್ಬಿತು! ಕೆಳಗಿನ ಕಂಪನಾಂಕಕ್ಕೆ ಹಿಗ್ಗುವುದಾದರೆ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹ, ಇಲ್ಲವೇ ಗಾತ್ರದಲ್ಲಿ ನೀವಂದುಕೊಂಡದ್ದಕ್ಕಿಂತ ದೊಡ್ಡದು. ಸೆನ್ಸಿಟಿವಿಟಿ 21. ತಂತಿಯ ಚಟಪಟ ಮರಳಿತು. ಇಷ್ಟು ಜಾಗಕ್ಕೆ ಸಹಿಸಿಕೊಳ್ಳಬಹುದು.

ಈಗ ಮೋಸದ ಪರೀಕ್ಷೆ. ತುಕ್ಕು ಹಿಡಿದ ಬಾಗಿದ ಕಬ್ಬಿಣ ಬೆಳ್ಳಿಯ ದನಿಯನ್ನು ಚೆನ್ನಾಗಿಯೇ ಅಣಕಿಸುತ್ತದೆ. ಕಾಲುಭಾಗ ಸುತ್ತಿ ನಿಂತು, ಅಡ್ಡಕ್ಕೆ ಬೀಸಿ. ಕಬ್ಬಿಣವಾದರೆ ದನಿ ಒಡೆಯಬೇಕು, ಜಾಗ ಬದಲಿಸಬೇಕು. ಒಡೆಯಲಿಲ್ಲ. ಕದಲಲಿಲ್ಲ. ಗುಂಡಿಗೆ ಹೊಡೆದುಕೊಳ್ಳುವುದು ಹೆಡ್‌ಫೋನಿನೊಳಗೇ ಕೇಳುತ್ತಿದೆ.

ಅಗಲವಾಗಿ ಸಲಿಕೆ ಊರಿ, ಹೆಂಟೆಯನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಿ. ಬೆಣಚುಕಲ್ಲಿಗೆ ಅಂಚು ತಾಗಿ ಕಟ್ ಎಂದಾಗ ಮೊಣಕೈವರೆಗೂ ಜುಮ್ಮೆನ್ನುತ್ತದೆ. ಅರ್ಧ ಗೇಣು. ಏನಿಲ್ಲ. ದನಿ ಇನ್ನೂ ಕೆಳಗೆ, ಮೊದಲಿಗಿಂತ ತುಂಬಿಕೊಂಡು. ತುಂಬಿಕೊಂಡು ಎಂದಾಗಲೇ ಹೊಟ್ಟೆಯೊಳಗೆ ಬೇರೊಂದು ಹೆದರಿಕೆ ಏಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಈ ಸೀಮೆಯ ತುಂಬ ಬಾಂಬರ್ ವಿಮಾನಗಳ ನೆಲೆಗಳಿದ್ದವು. ಸಿಡಿಯದೆ ಉಳಿದದ್ದು ಇಂದಿಗೂ ಆಗಾಗ ಹೊಲಗಳಲ್ಲಿ ಏಳುತ್ತದೆ. ಸಲಿಕೆ ಬಿಡಿ. ಕಾಯಿಲನ್ನು ಗುಂಡಿಯ ಮೇಲಿಂದ ಮೊಳದೆತ್ತರಕ್ಕೆ ಎತ್ತಿ ಬೀಸಿ. ದೊಡ್ಡ ಲೋಹವಾದರೆ ಅಲ್ಲಿಗೂ ಕೂಗಬೇಕು. ದನಿ ಪೂರ್ತಿ ಅಡಗಿತು. ಬಾಂಬಿನ ಗಾತ್ರದ್ದು ಅಲ್ಲಿಲ್ಲ. ಹಿಡಿದಿಟ್ಟ ಉಸಿರು ಬಾಯಿಂದ ಹಬೆಯಾಗಿ ಹೊರಬೀಳುತ್ತದೆ.

ಮೊಣಕಾಲೂರಿ ಕೈಯಿಂದಲೇ ಕೆದಕಿ. ಒಂದು ಗೇಣು. ಮಣ್ಣಿನ ಉಂಡೆಯೊಂದು ಎರಡಾಗಿ ಒಡೆಯುತ್ತದೆ, ಒಡೆದ ಮುಖದಲ್ಲಿ ಬೂದು ಅಂಚು. ಉಜ್ಜಬೇಡಿ, ಬೆಳ್ಳಿಗೆ ಗೀರು ಬೀಳುತ್ತದೆ. ಅಂಗೈಯಲ್ಲಿಟ್ಟು ಬಾಟಲಿಯ ನೀರು ಹನಿಸಿ. ಮಣ್ಣು ಕರಗಿ ಗೆರೆಗಳು ಏಳುತ್ತವೆ: ನಾಣ್ಯದ ಅಂಚಿನಿಂದ ಅಂಚಿಗೆ ಚಾಚಿದ ಜೋಡಿಗೆರೆಯ ಶಿಲುಬೆ, ಮೂಲೆ ಮೂಲೆಗೆ ಮೂರು ಮೂರು ಚುಕ್ಕೆ. ತಿರುಗಿಸಿದರೆ ಗಡ್ಡದ ಮುಖ, ಎರಡೂ ಕಡೆ ಸುರುಳಿ ಕೂದಲು. ಮೂರನೇ ಹೆನ್ರಿಯ ಕಾಲದ ಪೆನ್ನಿ. 1247ರಲ್ಲಿ ಶಿಲುಬೆಯನ್ನು ಹೀಗೆ ಅಂಚಿನವರೆಗೆ ಎಳೆದದ್ದಕ್ಕೆ ಕಾರಣವಿತ್ತು. ಜನ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು, ಕತ್ತರಿಸಿದರೆ ಶಿಲುಬೆಯ ತುದಿ ಇಲ್ಲದ್ದು ಎದ್ದು ಕಾಣಬೇಕಿತ್ತು. ನಿಮ್ಮ ಅಂಗೈಯಲ್ಲಿರುವುದರ ನಾಲ್ಕೂ ತುದಿ ಪೂರ್ತಿ ಇವೆ. ತೂಕವೇ ಇಲ್ಲ ಎನ್ನುವಷ್ಟು ಹಗುರ, ಕೈ ಮಾತ್ರ ನಡುಗುತ್ತಿದೆ.

ಕಾಯಿಲನ್ನು ಮತ್ತೆ ಗುಂಡಿಗೆ ಹಿಡಿಯುತ್ತೀರಿ, ಬರೀ ಅಭ್ಯಾಸಕ್ಕೆ.

ಇದೆ. ಇನ್ನೂ ಇದೆ. ಈಗ ಪಿಸುದನಿಯೂ ಅಲ್ಲ, ಸ್ಪಷ್ಟ, ಎರಡೂ ಕಡೆಯಿಂದ. ಅಂಕಿ ಮೇಲೇರಿ ನಿಂತಿದೆ. ಮೊದಲು ನಿಮ್ಮನ್ನು ನಿಲ್ಲಿಸಿದ್ದು ಈ ಒಂಟಿ ನಾಣ್ಯವಾಗಿರಲಿಕ್ಕಿಲ್ಲ. ಕೈ ತಾನಾಗಿಯೇ ಕೆಳಗೆ ಹೋಗುತ್ತದೆ. ಉಗುರಿನೊಳಗೆ ಮಣ್ಣು. ಇನ್ನು ನಾಲ್ಕು ಬೆರಳು. ಇನ್ನು ಎರಡು. ಒಂದು ನಿಮಿಷದ ಕೆಲಸ. ಹೊಲದಲ್ಲಿ ಬೇರೆ ಯಾರೂ ಇಲ್ಲ.

ಆಗ ಬಣ್ಣ ಕಣ್ಣಿಗೆ ಬೀಳುತ್ತದೆ. ಗುಂಡಿಯ ಗೋಡೆಯುದ್ದಕ್ಕೂ ಕಡುಕಂದು. ತಳದಲ್ಲಿ ಅದು ನಿಂತು, ಹಳದಿ ಜೇಡಿ ಶುರುವಾಗಿದೆ. ಬೆರಳಿಟ್ಟರೆ ಬಿಗಿ. ಕಂದು ಮಣ್ಣು ನೇಗಿಲು ಓಡಾಡಿದ್ದು, ಅದರೊಳಗಿನದ್ದೆಲ್ಲ ನೂರು ಸಲ ಮಗುಚಿ ಬಿದ್ದಿದೆ. ಹಳದಿಯನ್ನು ನೇಗಿಲು ಮುಟ್ಟಿಲ್ಲ. ಅದರೊಳಗಿರುವುದು ಯಾರೋ ಇಟ್ಟಲ್ಲೇ ಇದೆ. ಚೀಲದಲ್ಲೋ ಮಡಕೆಯಲ್ಲೋ, ಒಂದೇ ದಿನವೋ ವರ್ಷಗಳುದ್ದಕ್ಕೋ, ಎಲ್ಲವೂ ಆ ಮಣ್ಣಿನ ಪದರದಲ್ಲಿ ಬರೆದಿಟ್ಟಿರುತ್ತದೆ. ನಿಮ್ಮ ಐದು ಬೆರಳು ಅದನ್ನು ಒಂದೇ ನಿಮಿಷದಲ್ಲಿ ಅಳಿಸಬಲ್ಲವು.

ಆಳಕ್ಕೆಂದು ಗುಂಡಿಗುಂಡಿ ತಿರುವಿ ಯಂತ್ರವನ್ನು ಹದ ಮಾಡಿದವರು ಬಂದು ನಿಲ್ಲಲೇಬೇಕಾದ ಜಾಗ ಇದು. ಯಂತ್ರ ಕೇಳುವಷ್ಟು ಆಳಕ್ಕೆ ಅಗೆಯುವ ಹಕ್ಕು ಯಂತ್ರದ ಜೊತೆ ಬರುವುದಿಲ್ಲ. ಇಂಗ್ಲೆಂಡಿನ 1996ರ ಟ್ರೆಷರ್ ಕಾಯ್ದೆಯ ಪ್ರಕಾರ, ಮುನ್ನೂರು ವರ್ಷ ಮೀರಿದ ಎರಡು ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೆ 14 ದಿನದೊಳಗೆ ಕರೋನರ್ ಎಂಬ ತನಿಖಾಧಿಕಾರಿಗೆ ತಿಳಿಸಬೇಕು. ಆದರೆ ಈ ಗಳಿಗೆಯಲ್ಲಿ ಕೈ ತಡೆಯಬೇಕಾದದ್ದು ಕಾಯ್ದೆಯ ಭಯಕ್ಕಲ್ಲ. ಇದೇ ಸಫೋಕ್‌ನ ಹಾಕ್ಸನ್‌ನಲ್ಲಿ 1992ರ ನವೆಂಬರಿನಲ್ಲಿ, ರೈತನೊಬ್ಬನ ಕಳೆದುಹೋದ ಸುತ್ತಿಗೆ ಹುಡುಕಲು ಹೋದ ಎರಿಕ್ ಲಾಸ್‌ಗೆ ರೋಮನ್ ಚಿನ್ನ ಸಿಕ್ಕಿತು. ಆತ ಪೂರ್ತಿ ಅಗೆಯದೆ ಸುದ್ದಿ ಮುಟ್ಟಿಸಿದ. ಮರುದಿನವೇ ಪುರಾತತ್ವಜ್ಞರು ಬಂದರು. 14,865 ನಾಣ್ಯಗಳು, ಅವನ್ನು ಇಟ್ಟಿದ್ದ ಮರದ ಪೆಟ್ಟಿಗೆಯ ಕುರುಹು ಸಮೇತ ಸಿಕ್ಕವು. ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಮಡಕೆಯ ಬಾಯಿ ಕಂಡೊಡನೆ ಗುಂಡಿ ಮುಚ್ಚಿ ಎದ್ದುಬಂದ. ಮಡಕೆಯೊಳಗಿದ್ದದ್ದು 52,503 ನಾಣ್ಯ, ಸುಮಾರು 160 ಕೆ.ಜಿ. ಪದರ ಪದರವಾಗಿ ತೆಗೆದಿದ್ದರಿಂದ ಯಾವ ನಾಣ್ಯ ಮಡಕೆಯ ಯಾವ ಮಟ್ಟದಲ್ಲಿತ್ತು ಎಂಬುದು ತಿಳಿಯಿತು.

ನಮ್ಮ ಕಡೆ ನಿಧಿಯಾಸೆಗೆ ಹಾಳು ಗುಡಿಯ ಪೀಠ ಕಿತ್ತವರ, ವೀರಗಲ್ಲಿನ ಬುಡ ಅಗೆದವರ ಸುದ್ದಿ ಓದಿ ಓದಿ ಕರುಳು ಕಿವುಚಿದೆ. ಅಲ್ಲಿ ಕಳೆದುಹೋದದ್ದು ಏನು ಎಂದು ತಿಳಿಯುವ ದಾರಿಯೂ ಕಳೆದುಹೋಗಿರುತ್ತದೆ. ಅದನ್ನು ನೆನೆದೇ ಈಗ ಕೈ ಹಿಂದಕ್ಕೆ ತೆಗೆಯಿರಿ.

ತೆಗೆಯುತ್ತೀರಿ. ಬೆರಳು ಬೆರಳೂ ನೋಯುತ್ತಿದೆ. ಗುಂಡಿಯ, ಹಳದಿ ಅಂಚಿನ ಚಿತ್ರ ತೆಗೆದು, ಜಾಗದ ಜಿಪಿಎಸ್ ಅಂಕಿ ಬರೆದು, ಮಣ್ಣನ್ನು ತೆಗೆದ ಕ್ರಮದಲ್ಲೇ ಮರಳಿ ತುಂಬುತ್ತೀರಿ. ಮೊದಲ ಫೋನ್, ಇಂಥ ಪತ್ತೆಗಳನ್ನು ದಾಖಲಿಸುವ ಸೀಮೆಯ ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ. ಎಷ್ಟು ಆಳ, ಮಣ್ಣಿನ ಬಣ್ಣ ಎಲ್ಲಿ ಬದಲಾಯಿತು, ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿ, ನಾಳೆ ಬೆಳಿಗ್ಗೆ ಬರುತ್ತೇವೆ ಎನ್ನುತ್ತಾರೆ. ಎರಡನೆಯದು ಹೊಲದ ಒಡೆಯನಿಗೆ. ಅವನು ಬೂಟು ಎಳೆಯುತ್ತಾ ಬಂದು, ಮುಚ್ಚಿದ ಗುಂಡಿಯನ್ನೂ ನಿಮ್ಮ ಅಂಗೈಯ ಪೆನ್ನಿಯನ್ನೂ ಬಹಳ ಹೊತ್ತು ನೋಡುತ್ತಾನೆ.

"ಕೆಳಗೆ ಎಷ್ಟಿದೆ?"

"ಗೊತ್ತಿಲ್ಲ. ಅಗೆದಿಲ್ಲ."

"ರಾತ್ರಿ ಕಳ್ಳರು ಬರುತ್ತಾರೆ ಇಲ್ಲಿ, ಇದೇ ಯಂತ್ರ ಹಿಡಿದುಕೊಂಡು," ಎಂದವನೇ ಟ್ರ್ಯಾಕ್ಟರಿನ ಕಡೆ ನಡೆಯುತ್ತಾನೆ. ಹಳೆಯ ಬೀಟ್‌ರೂಟ್ ಟ್ರೇಲರನ್ನು ಹಿಮ್ಮುಖವಾಗಿ ತಂದು ಆ ಜಾಗದ ಮೇಲೆ ನಿಲ್ಲಿಸುವ ಯೋಚನೆ ಅವನದು. ನೀವು ಹಿಂದೆ ನಿಂತು, ಚಕ್ರಗಳು ಗುಂಡಿಯ ಎರಡೂ ಮಗ್ಗುಲಿಗೆ ಬರುವಂತೆ ಕೈಸನ್ನೆ ಮಾಡುತ್ತೀರಿ: ಬನ್ನಿ, ಬನ್ನಿ, ಸ್ವಲ್ಪ ಎಡಕ್ಕೆ, ಇನ್ನೊಂದು ಮಾರು, ಸಾಕು.